ಅರ್ಧ ಬ್ರಶ್ಶು, ಒಂದು ಪೆಂಟಿ ಬೆಲ್ಲ

ಅವಸರ ಮಾಡಬೇಡಿ, ಸ್ವಲ್ಪ ನಿಲ್ಲಿ. ನಮ್ಮ ಬಚ್ಚಲಮನೆಯ ಗೂಡಿನಲ್ಲಿ ಅರ್ಧ ಹಿಡಿಯ ಟೂತ್‌ಬ್ರಶ್ ಒಂದಿತ್ತು. ಅದರ ಕತೆ ಕೇಳದೆ ಹೋದರೆ ನಿಮಗೇ ಲುಕ್ಸಾನು. ಇವತ್ತು ಬೆಳಿಗ್ಗೆ ಅಕ್ಕ ಅದನ್ನು ಎಸೆಯಲು ಹೊರಟಿದ್ದಳು. ಓಡಿಹೋಗಿ ಕಸಿದುಕೊಂಡೆ.

ಅದು ಮುರಿದದ್ದಲ್ಲ, ನಾನೇ ಕೊಯ್ದದ್ದು. ದೂರದ ಸೈಕಲ್ ಸವಾರಿಯ ವಿದ್ಯೆಯನ್ನೆಲ್ಲ ನಾನು ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತವನು. ಅದರಲ್ಲೊಬ್ಬ ಗಡ್ಡದವನು, ಹಿಮದ ಬೆಟ್ಟ ಹತ್ತುವವನು, ಭಾರ ಇಳಿಸಲು ಬ್ರಶ್ಶಿನ ಹಿಡಿಯನ್ನೂ ಕೊಯ್ದು ಬಿಸಾಕಿ ಎಂದಿದ್ದ. ಜಮಖಂಡಿಯಿಂದ ಹೊರಟು ಬೀಳಗಿ, ಮುಧೋಳ, ಬನಹಟ್ಟಿ ಸುತ್ತಿ ಅದೇ ಸಂಜೆ ಮನೆಗೆ ಬರುವವನಿಗೆ ಬ್ರಶ್ಶೇ ಬೇಕಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಹೊಳೆದದ್ದು ಅಕ್ಕನಿಗೆ. ಅವಳು ಹೊಟ್ಟೆ ಹಿಡಿದು ನಕ್ಕು, ಆಮೇಲೆ ಪಂಥ ಕಟ್ಟಿದಳು.

"ಲೇ, ಮಧ್ಯಾಹ್ನಕ್ಕ ಫೋನ್ ಹಚ್ಚತಿ ನೋಡ, 'ಯಕ್ಕಾ, ಗಾಡಿ ತಗೊಂಡ ಬಾ' ಅಂತ. ಹಚ್ಚಿದಿ ಅಂದ್ರ ಸೈಕಲ್ ನಂದು. ಮಾಳಗಿ ಮ್ಯಾಲ ಇಟ್ಟು ಅರಬಿ ಒಣಾ ಹಾಕ್ತೀನಿ."

"ಹಚ್ಚಂಗಿಲ್ಲ ಬೇ."

ಅಂದದ್ದೇನೋ ನಿಜ. ಆದರೆ ಟ್ಯೂಷನ್ ಹೇಳಿ ಕೂಡಿಸಿದ ದುಡ್ಡಿನಲ್ಲಿ ಕೊಂಡ ಸೈಕಲ್ಲದು. ಅದರ ಹ್ಯಾಂಡಲ್ಲಿನಿಂದ ಒದ್ದೆ ಟವೆಲ್ ತೊಟ್ಟಿಕ್ಕುವ ಚಿತ್ರ ಊರು ದಾಟುವತನಕ ಕಣ್ಣ ಮುಂದಿತ್ತು.

ಒಂಟಿ ಸವಾರಿ ಅಂದರೆ ನೀವು, ರಸ್ತೆ, ಮೌನ ಎಂದೂ ಆ ಗಡ್ಡದವನು ಹೇಳಿದ್ದ. ಅವನು ನಮ್ಮ ಕಡೆ ಸೈಕಲ್ ತುಳಿದಿಲ್ಲ, ಪಾಪ. ಜೋಳದ ಹೊಲಗಳ ನಡುವೆ ನರಪಿಳ್ಳೆಯಿಲ್ಲ ಎಂದು ನಾನು ಗಂಭೀರನಾಗುವಷ್ಟರಲ್ಲಿ ಯಾವುದೋ ಬದುವಿನ ಹಿಂದಿನಿಂದ ಕೂಗು ಬರುತ್ತಿತ್ತು: "ಬೈಕ್ ಕೆಟ್ಟೈತೇನ್ರೀ?" ಬೀಳಗಿಯ ಚಹಾದಂಗಡಿಯಲ್ಲಂತೂ ಟೋಪಿಯ ಹಿರಿಯರೊಬ್ಬರು ವಿಚಾರಣೆಯನ್ನೇ ನಡೆಸಿದರು.

"ಎಲ್ಲಿಗೆ ಹೊಂಟೀರಿ?"

"ಜಮಖಂಡಿಗ್ರಿ."

"ಎಲ್ಲಿಂದ ಬಂದ್ರಿ?"

"ಜಮಖಂಡಿಯಿಂದ್ರಿ."

ಅವರು ಬಸಿಯ ಚಹಾ ಪೂರ್ತಿ ಕುಡಿದು ಮುಗಿಸಿದರು. "ಹಂಗಾರ ಮನ್ಯಾಗ ಇದ್ದಿದ್ರ ಆಗ್ತಿರ್ಲಿಲ್ಲೇನು?"

ಇದಕ್ಕೆ ಉತ್ತರ ಹುಡುಕುತ್ತಲೇ ಮುಧೋಳ ದಾಟಿದೆ. ರನ್ನ ಬೆಳಗಲಿಯ ಹತ್ತಿರ ಕಬ್ಬಿನ ಹಾಲು ಕುದಿಯುವ ವಾಸನೆ ಮೂಗು ಹಿಡಿದು ಎಳೆಯಿತು. ಬೆಲ್ಲದ ಗಾಣ. ನೀರು ಕೇಳುವ ನೆಪದಲ್ಲಿ ಇಳಿದೆ. ಗಾಣದ ಯಜಮಾನಿ ಕಾಕಿ ನೀರಿನ ಜೊತೆ ಬಿಸಿ ಬೆಲ್ಲವನ್ನೂ ಕೊಟ್ಟು, ನಾನು ನಾಲಗೆ ಸುಟ್ಟುಕೊಳ್ಳುವುದನ್ನು ನೋಡುತ್ತ ಕೇಳಿದಳು, "ಯಾ ಕಡೆ ಹೊಂಟಿ ತಮ್ಮಾ?"

"ಬನಹಟ್ಟಿ ಮ್ಯಾಲಾಸಿ ಜಮಖಂಡಿಗ್ರಿ."

ತಪ್ಪಿದ್ದೇ ಇಲ್ಲಿ. ನಮ್ಮ ಕಡೆ ಹೋಗುವ ಊರಿನ ಹೆಸರು ಹೇಳಿದವನನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿಯಿಲ್ಲ.

"ಛಲೋ ಆತು. ನನ್ನ ಮಗಳು ಶೋಭಾ ಬನಹಟ್ಟ್ಯಾಗ ಅದಾಳ. ಬಸರಿ. ನಮ್ಮ ಗಾಣದ ಬೆಲ್ಲಾನ ಬೇಕಂತ ಹಟಾ ಹಿಡದಾಳ. ಇದೊಂದ ಪೆಂಟಿ ಮುಟ್ಟಿಸಿ ಹೋಗ."

ಪೆಂಟಿ ಅಂದರೆ ಅಂಗೈಯಲ್ಲಿ ಹಿಡಿಯುವ ಅಚ್ಚಲ್ಲ. ತಬ್ಬಿಕೊಂಡು ಎತ್ತುವ ಗಡ್ಡೆ. "ಕಾಕಿ, ಭಾಳ ವಜ್ಜಿ ಆಕ್ಕೈತ್ರಿ" ಎಂದೆ.

"ವಜ್ಜಿ? ಲಗ್ನಾದ ಹೊಸದಾಗಿ ನನ್ನ, ನನ್ನ ಟ್ರಂಕು, ಎರಡೂ ಸೈಕಲ್ ಮ್ಯಾಲ ತಂದಾರ ನಮ್ಮ ಮನ್ಯಾವ್ರು. ಹಾಡ ಹೇಳ್ಕೋತ!"

ಪೆಂಟಿ ಚೀಲಕ್ಕೆ ಬಿತ್ತು. ನನ್ನ ನಂಬರು ಕಾಕಿಯ ಮೊಬೈಲಿಗೆ ಹೋಯಿತು. ಬ್ರಶ್ಶಿನ ಅರ್ಧ ಹಿಡಿ ಮನೆಯ ಕಸದ ಬುಟ್ಟಿಯಲ್ಲಿ ನಗುತ್ತಿದ್ದಿರಬೇಕು.

ಮಹಾಲಿಂಗಪುರ ದಾಟಿದ ಮೇಲೆ ಎದುರುಗಾಳಿ ಶುರುವಾಯಿತು. ಕಬ್ಬಿನ ಟ್ರ್ಯಾಕ್ಟರುಗಳು ಧೂಳೆಬ್ಬಿಸಿ ಹೋದವು. ಮೊಣಕಾಲು ನನ್ನವೇ ಎಂಬ ನಂಬಿಕೆ ಹೋಗಿ, ಒಂದು ಸೇತುವೆಯ ಕಟ್ಟೆಯ ಮೇಲೆ ಕುಸಿದು ಕೂತೆ. ಒಣಗಲಿ ಬಿಡಿ ಬಟ್ಟೆ, ಸೈಕಲ್ ಇರುವುದೇ ಅದಕ್ಕೆ ಎನಿಸಿತು. ಫೋನ್ ತೆಗೆದು ಅಕ್ಕನ ಹೆಸರು ಒತ್ತಬೇಕು, ಅಷ್ಟರಲ್ಲಿ ಅದೇ ರಿಂಗಾಯಿತು.

"ಎಲ್ಲಿಗೆ ಬಂತ್ರೀ ಬೆಲ್ಲಾ?"

"ಯಾರ್ರೀ?"

"ನಾ ಶೋಭಾ ರೀ, ಬನಹಟ್ಟಿ. ಊಟಾ ಬಿಟ್ಟ ಕುಂತೀನಿ. ಬೆಲ್ಲಾ ಬಂದ ಮ್ಯಾಲ ರೊಟ್ಟಿ ಮುರಿತೀನಿ."

ನಾನು ಬದುಕಿದ್ದೇನೋ ಇಲ್ಲವೋ, ಆ ಪ್ರಶ್ನೆಯೇ ಇಲ್ಲ! "ಸಮೀಪ ಬಂತ್ರಿ" ಎಂದುಬಿಟ್ಟೆ. ಅಕ್ಕ ಗಾಡಿ ಹುಡುಕಿ, ನಕ್ಕು ಮುಗಿಸಿ ಬರುವತನಕ ಬಸುರಿ ಹೆಂಗಸು ಉಪವಾಸ ಕೂರಬೇಕೆ? ಎದ್ದೆ. ತುಳಿದೆ. ಮತ್ತೆ ಫೋನು, "ಈಗೆಲ್ಲಿ?" ಮತ್ತೆ ತುಳಿದೆ. ಮತ್ತೆ ಫೋನು.

ಬನಹಟ್ಟಿಯ ಮಗ್ಗಗಳ ಖಟಖಟ ಕೇಳಿದಾಗ ನನಗೆ ಅಳುವೇ ಬಂತು. ಶೋಭಕ್ಕ ಬಾಗಿಲಲ್ಲೇ ನಿಂತಿದ್ದಳು. ಪೆಂಟಿ ಇಸಿದುಕೊಂಡು, ಹೊಸ್ತಿಲ ಬಳಿಯೇ ಕಲ್ಲಿನಿಂದ ಕುಟ್ಟಿ, ಒಂದು ತುಣುಕು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಎಷ್ಟೋ ಹೊತ್ತಿನ ಮೇಲೆ ಕಣ್ಣು ಬಿಟ್ಟು, "ಅಯ್ಯ, ನೀವೂ ಬಂದೀರಲ್ಲ! ಬರ್ರಿ ಒಳಗ" ಎಂದಳು.

ರೊಟ್ಟಿ, ಶೇಂಗಾ ಚಟ್ನಿ ತಿಂದ ಕಾಲುಗಳು ಜಮಖಂಡಿಯತನಕ ತಕರಾರು ಮಾಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅಂಗಳಕ್ಕೆ ಬಂದೆ. ಅಕ್ಕ ಒದ್ದೆ ಟವೆಲ್ ಹಿಡಿದೇ ಕಾಯುತ್ತಿದ್ದಳು.

"ಯಾಕೋ, ಫೋನ್ ಹಚ್ಚಲೇ ಇಲ್ಲ?"

"ಲೈನ್ ಖಾಲಿ ಇರಲಿಲ್ಲ ಬೇ."

ಈಗ ಹೊರಡುವಾಗಲೆಲ್ಲ ಒಂದು ಚೀಲವನ್ನು ಬೇಕೆಂದೇ ಖಾಲಿ ಇಟ್ಟುಕೊಳ್ಳುತ್ತೇನೆ. ಯಾರಾದರೂ ಕೇಳಿದರೆ ಹೋಗುವ ಊರಿನ ಹೆಸರನ್ನು ಜೋರಾಗಿಯೇ ಹೇಳುತ್ತೇನೆ. ಆ ಅರ್ಧ ಬ್ರಶ್ಶಿನಿಂದ ಇವತ್ತು ಸೈಕಲ್ಲಿನ ಚೈನು ತಿಕ್ಕುತ್ತ ಕೂತಿದ್ದೇನೆ. ಅಳತೆ ಸರಿಯಾಗಿದೆ.

ನಿಮಗೂ ದಾರಿಯಲ್ಲಿ ಯಾರಾದರೂ ಏನಾದರೂ ಹೊರಿಸಿರಬೇಕಲ್ಲ? ಏನದು, ಯಾರಿಗೆ ಮುಟ್ಟಿಸಿದಿರಿ, ಬರೆದು ತಿಳಿಸಿ. ಮುಟ್ಟಿಸದೆ ದಾರಿಯಲ್ಲೇ ತಿಂದಿದ್ದರೆ ಅದನ್ನೂ ಬರೆಯಿರಿ, ಶೋಭಕ್ಕನಿಗೆ ಹೇಳುವುದಿಲ್ಲ.