ಮೊದಲು ಮೇಸ್ತ್ರಿ ಹತ್ತಲಿ

ನನ್ನ ಗಂಡ ಸತ್ತದ್ದು ತಿಪಟೂರಿನಲ್ಲಿ, ಕೊಬ್ಬರಿ ವ್ಯಾಪಾರಿಯೊಬ್ಬರು ಕಟ್ಟಿಸುತ್ತಿದ್ದ ಗೋದಾಮಿನ ಗೋಡೆಗೆ ಗಿಲಾವು ಮಾಡುವಾಗ. ಕೊಂದದ್ದು ಹಗ್ಗ. ಆ ಹಗ್ಗ ಕಟ್ಟಿಸಿದವನು ಮೇಸ್ತ್ರಿ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊರಲ್ಲಿ ಬೇರೆ ಕಥೆ ಓಡಾಡಿತು.

ಊರಿಗೆ ಎಸ್‌ಟಿಡಿ ಬೂತು ಬಂದ ಹೊಸದು. ಗೋಡೆ ಕೆಲಸಕ್ಕೆ ಕಬ್ಬಿಣದ ಪೈಪು ಇನ್ನೂ ಬಂದಿರಲಿಲ್ಲ. ಸರ್ವೆ ಮರದ ಗಳ ನೆಟ್ಟು, ಅಡ್ಡಗಳಕ್ಕೆ ತೆಂಗಿನ ನಾರಿನ ಹಗ್ಗ ಬಿಗಿದು, ಮೇಲೆ ಹಲಗೆ ಹಾಸಿ ಸಾರುವೆ ಕಟ್ಟುತ್ತಿದ್ದರು. ನಮ್ಮ ಸೀಮೆಯಲ್ಲಿ ನಾರಿಗೆ ಬರವೇ? ಆದರೂ ಮೇಸ್ತ್ರಿ ಹೊಸ ಹಗ್ಗ ತರುತ್ತಿರಲಿಲ್ಲ. ಒಂದು ಕಟ್ಟಡದಲ್ಲಿ ಬಿಚ್ಚಿದ್ದನ್ನೇ ನೀರಲ್ಲಿ ನೆನೆಸಿ ಇನ್ನೊಂದಕ್ಕೆ ಕಟ್ಟಿಸುತ್ತಿದ್ದ. ನೆನೆದ ಹಳೇ ಹಗ್ಗ ಹೊಸದರ ಹಾಗೇ ಕಾಣುತ್ತದೆ. ಎಲ್ಲರೂ ಮೋಸಹೋಗುತ್ತಿದ್ದದ್ದು ಅಲ್ಲೇ. ನಾನು ಹೊನ್ನವಳ್ಳಿಯ ತವರಲ್ಲಿ ಹಗ್ಗ ಹೊಸೆದೇ ಬೆಳೆದವಳು. ಗೋದಾಮಿನಲ್ಲಿ ನಾನೂ ಗಾರೆ ಹೊರುತ್ತಿದ್ದೆ; ಅವತ್ತು ಬಾಂಡ್ಲಿ ಇಳಿಸಿ, ಗಂಡ ಹತ್ತಬೇಕಿದ್ದ ಸಾರುವೆಯ ಗಂಟೊಂದನ್ನು ಉಗುರಿನಿಂದ ಕೆರೆದೆ. ಒಳಗಿನ ನಾರು ಹೊಟ್ಟಿನ ಹಾಗೆ ಉದುರಿತು.

"ಈ ಹಗ್ಗ ಸತ್ತೋಗೈತೆ ಕಣಣ್ಣ, ಬದ್ಲಾಯ್ಸು" ಅಂದೆ.

"ಗಾರೆ ಹೊರಾಕ್ ಬಂದಿದ್ದೀಯೋ, ಹಗ್ಗದ ಯಾಪಾರಕ್ ಬಂದಿದ್ದೀಯೋ? ನಿನ್ ಗಂಡ ಗುಬ್ಬಚ್ಚಿ ತೂಕ ಅವ್ನೆ, ಬುಡು" ಅಂದ ಮೇಸ್ತ್ರಿ.

ಎಲ್ಲರೂ ನಕ್ಕರು. ಗಂಡನೂ ನಗುತ್ತಲೇ ಹತ್ತಿದ.

ಗಂಟು ಬಿಟ್ಟಿತು. ಅವನು ಬಿದ್ದದ್ದು ಜಲ್ಲಿ ರಾಶಿಯ ಮೇಲೆ. ಕುಡಿದಿದ್ದ ಎಂದು ಮೇಸ್ತ್ರಿ ಪೊಲೀಸರಿಗೆ ಹೇಳಿದ. ನನ್ನ ಗಂಡ ಕುಡಿಯುತ್ತಿದ್ದ, ಸುಳ್ಳು ಯಾಕೆ. ಅವತ್ತು ಮಾತ್ರ ಬರೀ ಮುದ್ದೆ ಉಂಡು ಬಂದಿದ್ದ, ಬಡಿಸಿದವಳು ನಾನು. ನಕ್ಕವರು ಯಾರೂ ಬಾಯಿ ಬಿಡಲಿಲ್ಲ. ಕೇಸು ಮುಚ್ಚಿತು.

ತಿಂಗಳು ಕಳೆದು ಅದೇ ಮೇಸ್ತ್ರಿಯ ಕೆಲಸಕ್ಕೆ ಹೋದೆ. ಮಾನಗೆಟ್ಟವಳು ಅಂದರು. ಅನ್ನಲಿ. ಅವನೂ ಬೀಳುವುದನ್ನು ನಾನು ಕಣ್ಣಾರೆ ನೋಡಬೇಕಿತ್ತು.

ಹಾಲ್ಕುರಿಕೆ ರಸ್ತೆಯಲ್ಲಿ ಎರಡಂತಸ್ತಿನ ಮನೆ. ಗಾರೆ ಹೊರುವ ಹೆಂಗಸರ ಗಂಡಂದಿರೇ ಮೇಲೆ ಹತ್ತುವವರು. ಒಬ್ಬೊಬ್ಬಳನ್ನೂ ಕರೆದು ಗಂಟು ಕೆರೆದು ತೋರಿಸಿದೆ. ನಾಳೆ ಇದೂ ಹರಿಯುತ್ತದೆ ಎಂದು ಅವರ ತಾಳಿಯ ಕಡೆ ಬೆರಳು ಮಾಡಿದೆ. ಆಡುವ ಮಾತಲ್ಲ, ಆದರೆ ನಾಟಿತು. ಮಾರನೇ ಬೆಳಿಗ್ಗೆ ಎಲ್ಲರೂ ಬಾಂಡ್ಲಿ ಬೋರಲು ಹಾಕಿ ಅದರ ಮೇಲೆ ಕೂತೆವು.

"ಮೇಸ್ತ್ರಿ, ಮೊದ್ಲು ನೀನು ಹತ್ತು. ನಾವು ಎಲೆ ಅಡ್ಕೆ ಹಾಕ್ಕಂಡು ಉಗಿಯೋಗಂಟ ತುದೀಲಿ ನಿಂತಿರು. ಆಮೇಲೆ ನಮ್ಮೋರು ಹತ್ತಾರೆ" ಅಂದೆ. ಅಣ್ಣ ಅನ್ನುವುದನ್ನು ಗಂಡ ಬಿದ್ದ ದಿನವೇ ಬಿಟ್ಟಿದ್ದೆ.

ಅವನದು ಭಾರೀ ಮೈ. ಬೈದ, ಬೇರೆ ಆಳು ತರುತ್ತೇನೆಂದ. ಕಲಸಿದ ಸಿಮೆಂಟು ಗಟ್ಟಿಯಾಗುತ್ತಿತ್ತು. ಮನೆ ಕಟ್ಟಿಸುವವರು ನೋಡಿ ನೋಡಿ, ಹತ್ತಿ ತೋರಿಸಯ್ಯ ಅತ್ಲಾಗೆ ಅಂದರು. ಮೇಸ್ತ್ರಿ ಕೆಳಗಿನ ಹಲಗೆಯ ಮೇಲೆ ಒಂದು ಕಾಲಿಟ್ಟ. ಗಂಟು ನೋಡಿದ, ನನ್ನನ್ನು ನೋಡಿದ, ಕಾಲು ತೆಗೆದ. ಸೈಕಲ್ಲಿನಲ್ಲಿ ಆಳು ಕಳಿಸಿ ಹೊಸ ಹಗ್ಗ ತರಿಸಿ ಮತ್ತೆ ಕಟ್ಟಿಸಿದ. ಪ್ರತಿ ಗಂಟನ್ನೂ ಜಗ್ಗಿ ನೋಡಿ ಹತ್ತಿದ. ತುದಿಯಲ್ಲಿ ಗಳವನ್ನು ಎರಡೂ ಕೈಯಲ್ಲಿ ತಬ್ಬಿ ನಿಂತ. ನಾನು ಎಲೆಗೆ ಸುಣ್ಣ ನಿಧಾನವಾಗಿ ಸವರಿದೆ.

ಆಮೇಲೆ ಹತ್ತು ವರ್ಷ, ಅವನ ಯಾವ ಕಟ್ಟಡವಾದರೂ ಬೆಳಿಗ್ಗೆ ಮೊದಲು ಮೇಸ್ತ್ರಿ ಹತ್ತಬೇಕು. ನಾನು ಕೆಳಗೆ ಎಲೆ ಅಡಿಕೆ ಜಗಿಯುತ್ತಾ, ಇವತ್ತು ಬೀಳು, ಇವತ್ತು ಬೀಳು ಎಂದು ನೋಡುತ್ತಿದ್ದೆ. ಬೀಳಲಿಲ್ಲ. ತನ್ನ ಜೀವದ ಆಸೆಗೆ ಹಳೇ ಹಗ್ಗ ಮುಟ್ಟಲಿಲ್ಲ. ಅವನ ಕೈಕೆಳಗೆ ಮತ್ತೊಬ್ಬರು ಸಾಯಲೂ ಇಲ್ಲ. ನಮ್ಮ ಗಂಡಂದಿರನ್ನು ಉಳಿಸಿದವಳು ನೀನೇ ಎಂದು ಆ ಹೆಂಗಸರು ಈಗಲೂ ಅನ್ನುತ್ತಾರೆ. ಉಳಿದರೆ ಉಳಿದರು. ನಾನು ಅದಕ್ಕೆ ಕೂತಿರಲಿಲ್ಲ.

ಈಗ ಮೇಸ್ತ್ರಿಯ ಮೊಣಕಾಲು ಹೋಗಿವೆ. ಮನೆಯ ಎರಡು ಮೆಟ್ಟಿಲು ಹತ್ತಲೂ ಗೋಡೆ ಹಿಡಿಯುತ್ತಾನಂತೆ. ಕೇಳಿದ ದಿನ ಒಂದು ಎಲೆ ಜಾಸ್ತಿ ಹಾಕಿಕೊಂಡೆ.