ಬಾಗಿಲ ಮೇಲಿನ ಲೋಳೆಸರ

ದೃಷ್ಟಿಯಾಗದಿರಲೆಂದು ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿದ್ದ ಲೋಳೆಸರ ಸೊರಗಿತ್ತು. ಬಿಚ್ಚಿ ಕಸದ ಗಾಡಿಗೆ ಹಾಕಿದೆ. ಗಾಡಿಯೊಂದಿಗೆ ಬರುವ ಹಿರಿಯ ಹೆಂಗಸು ಅದನ್ನು ಎತ್ತಿ ನನ್ನ ಕೈಗೇ ಕೊಟ್ಟರು.

“ಇನ್ನೂ ಜೀವ ಐತೆ ಕಣ್ರಮ್ಮ. ಇಷ್ಟು ದಿನ ತನ್ನ ಮೈಯಾಗಿನ ನೀರಲ್ಲೇ ಬದುಕೈತೆ. ಮಣ್ಣಿಗೆ ಊರ್ಬುಡಿ.”

ಕೊಡಿಗೇನಹಳ್ಳಿಯ ನನ್ನಜ್ಜಿ ಪ್ರತಿ ಯುಗಾದಿಗೂ ಹೊಸದನ್ನು ಕಟ್ಟಿ, ಹಳೆಯದನ್ನು ಬಚ್ಚಲ ನೀರು ಹರಿಯುವಲ್ಲಿ ನೆಡುತ್ತಿದ್ದಳು. ಮಣ್ಣಿಲ್ಲದೆ ಬದುಕುವುದನ್ನು ನೆಡುವುದೇಕೆ ಎಂದು ಕೇಳಿದ್ದೆ. “ಬದುಕ್ತದೆ ಕಣೇ, ಮರಿ ಹಾಕಾಕೆ ಮಣ್ಣೇ ಬೇಕು” ಅಂದಿದ್ದಳು. ಮಧುಗಿರಿಯ ಬಾಡಿಗೆ ಮನೆಗೆ ಬಂದ ಮೇಲೆ ನನಗೆ ಕಟ್ಟುವುದು ನೆನಪಿತ್ತು, ನೆಡುವುದು ಮರೆತುಹೋಗಿತ್ತು.

ಹಳೆಯ ಬಕೆಟ್ಟಿನ ಮಣ್ಣಿಗೆ ಊರಿದ ಮೇಲೆ ಅದು ಎರಡು ಮರಿ ಹಾಕಿತು. ಒಂದನ್ನು ನಿನ್ನೆ ಗಾಡಿಯ ಅಮ್ಮ ಸೆರಗಿನಲ್ಲಿ ಸುತ್ತಿಕೊಂಡು ಹೋದರು. ಇನ್ನೊಂದನ್ನು ಬಾಗಿಲಿಗೆ ಕಟ್ಟಲು ಮನಸ್ಸೇ ಬರುತ್ತಿಲ್ಲ.