ಎದುರಂಗಡಿಯ ಕುರ್ಚಿಯಲ್ಲಿ ಅಪ್ಪ

ಕ್ಷೌರಿಕರೆಂದರೆ ಬಾಯಿ ಮುಚ್ಚದೆ ಮಾತಾಡುವವರು ಎಂದು ಯಾರೋ ಪುಣ್ಯಾತ್ಮರು ಹಬ್ಬಿಸಿಬಿಟ್ಟಿದ್ದಾರೆ. ಅವರು ನಮ್ಮಪ್ಪನ ಅಂಗಡಿಗೆ ಬಂದವರಲ್ಲ. ಅಪ್ಪ ಕೆಲಸದ ಹೊತ್ತಿನಲ್ಲಿ ಆಡುತ್ತಿದ್ದುದು ಮೂರೇ ಮಾತು: "ಕೂತ್ಕೊಳ್ಳಿ", "ತಲೆ ಬಗ್ಸಿ", "ಆಯ್ತು". ಮಿಕ್ಕಿದ್ದನ್ನೆಲ್ಲ ಗಿರಾಕಿಗಳೇ ತಮ್ಮತಮ್ಮಲ್ಲಿ ಆಡಿಕೊಳ್ಳುತ್ತಿದ್ದರು. ಬೀದಿಯವರು ಅವನಿಗೆ 'ಮೌನವ್ರತ' ಎಂದು ಹೆಸರಿಟ್ಟಿದ್ದರು. ಹೆಸರು ಅವನಿಗೂ ಗೊತ್ತಿತ್ತು. ಅದರ ಬಗ್ಗೆಯೂ ಅವನು ಏನೂ ಹೇಳಲಿಲ್ಲ.

ಅಂಗಡಿಯಲ್ಲಿ ಎರಡು ಕುರ್ಚಿ. ಒಂದರ ಪಂಪು ಕೆಟ್ಟು ಆರು ವರ್ಷವಾಗಿತ್ತು. ಅದರಲ್ಲಿ ಕೂತ ಗಿರಾಕಿ ಕೂದಲು ಕತ್ತರಿಸುತ್ತಿರುವಂತೆಯೇ ನಿಧಾನವಾಗಿ ಕೆಳಗಿಳಿಯುತ್ತಿದ್ದ. ಅಪ್ಪನೂ ಜೊತೆಗೇ ಬಗ್ಗುತ್ತ ಹೋಗಿ, ಕೊನೆಗೆ ಕುಕ್ಕರುಗಾಲಲ್ಲಿ ಕೂತು ಕಿವಿಯ ಹಿಂದಿನ ಕೆಲಸ ಮುಗಿಸುತ್ತಿದ್ದ. ರಿಪೇರಿಯವನನ್ನು ಕರೆಸಬಹುದಿತ್ತು. ಆದರೆ ಕರೆಸಬೇಕಾದರೆ ಕೇಳಬೇಕು, ಅಪ್ಪನಿಗೆ ಯಾರನ್ನಾದರೂ ಏನನ್ನಾದರೂ ಕೇಳುವುದೆಂದರೆ ಪ್ರಾಣಸಂಕಟ. ಬಸ್ಸಿನಲ್ಲಿ "ನಮ್ಮ ಸ್ಟಾಪ್ ಬಂತಾ" ಎಂದು ಕೇಳಲಾರದೆ ಎರಡು ಸ್ಟಾಪ್ ಮುಂದೆ ಇಳಿದು ನಡೆದುಕೊಂಡು ಬಂದ ಮನುಷ್ಯ ಅವನು. ನನಗೆ ಇದನ್ನು ನೋಡಿದರೆ ಮೈ ಉರಿಯುತ್ತಿತ್ತು.

ನಾನು ಹನ್ನೆರಡನೇ ತರಗತಿಯಲ್ಲಿದ್ದ ವರ್ಷ ಮನೆಯಲ್ಲಿ ಕಲ್ಲು ಓದುತ್ತೇನೆ ಎಂದೆ. ಅಂದರೆ ಭೂವಿಜ್ಞಾನ.

"ಕಲ್ಲಲ್ಲಿ ಓದೋಕೇನಿದೆ?" ಎಂದಳು ಅಮ್ಮ. "ಅಕ್ಕೀಲಿ ಸಿಕ್ಕಿದ್ರೆ ಆರಿಸಿ ಬಿಸಾಕ್ತೀವಿ."

ಆ ವಿಷಯ ಕಲಿಸುವ ಕಾಲೇಜು ನಮ್ಮ ಕೈಗೆಟುಕುವ ದೂರದಲ್ಲಿ ಇದ್ದದ್ದು ಒಂದೇ, ಅಲ್ಲಿ ಸೀಟು ನಲವತ್ತೇ. ಅದು ತಪ್ಪಿದರೆ ಚಿಕ್ಕಪ್ಪನ ಗುರುತಿನವರ ಆಫೀಸಿನಲ್ಲಿ ಟೈಪ್ ಮಾಡಲು ಕೂರುವುದೆಂದು ಆಗಲೇ ತೀರ್ಮಾನವಾಗಿತ್ತು. ಅರ್ಜಿ ಏಳು ಪುಟ. 'ಈ ವಿಷಯವನ್ನು ಏಕೆ ಆರಿಸಿಕೊಂಡಿರಿ' ಎಂದು ಐನೂರು ಪದಗಳಲ್ಲಿ ಬರೆಯಬೇಕಿತ್ತು. ಮೊದಲ ಸಲ ಭೂಮಿ ಹುಟ್ಟಿದಲ್ಲಿಂದ ಶುರುಮಾಡಿದೆ. ಐನೂರು ಪದ ಮುಗಿದಾಗ ಭೂಮಿ ಇನ್ನೂ ತಣ್ಣಗಾಗಿರಲಿಲ್ಲ. ಹೀಗೆ ಒಂಬತ್ತು ಸಲ ಬರೆದು ಹರಿದು, ಹತ್ತನೆಯದನ್ನು ಹಲ್ಲು ಕಚ್ಚಿ ಹಾಗೇ ಇಟ್ಟುಕೊಂಡೆ. ಯಾರಿಗಾದರೂ ತೋರಿಸಬಹುದಿತ್ತು, ತೋರಿಸಲಿಲ್ಲ.

ಪೇಚಿಗೆ ಸಿಕ್ಕಿಸಿದ್ದು ಆರನೇ ಪುಟ. ಅರ್ಜಿದಾರಳನ್ನು ಐದು ವರ್ಷಕ್ಕಿಂತ ಹೆಚ್ಚು ಕಾಲ ಬಲ್ಲ, ಮನೆಗೂ ಶಾಲೆಗೂ ಸೇರದ ಒಬ್ಬರು ಅವಳ ಗುಣ ದೋಷ ಎರಡನ್ನೂ ಬರೆದು ಮುಚ್ಚಿದ ಲಕೋಟೆಯಲ್ಲಿ ಕೊಡಬೇಕು. ಪತ್ರವಿಲ್ಲದ ಅರ್ಜಿಯನ್ನು ತೆರೆಯುವುದೇ ಇಲ್ಲ ಎಂದು ಕೆಳಗೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

ಅಪ್ಪ ಅದನ್ನು ಎರಡು ಸಲ ಓದಿದ. "ಅದು ನಂಗೆ ಬಿಡು" ಎಂದ. ಕೇಳದೆಯೇ ಇಷ್ಟು ಮಾತಾಡಿದ್ದು ಕಂಡು ಅಮ್ಮ ಅವನ ಹಣೆ ಮುಟ್ಟಿ ನೋಡಿದಳು.

ಮಾರನೆಯ ದಿನ ಅಂಗಡಿಯ ಗೋಡೆಯ ಮೇಲೆ ಒಂದು ರಟ್ಟು ಬಂತು. 'ಕಾಲೇಜಿಗೆ ಕೊಡಲು ಒಳ್ಳೆಯ ಅಭಿಪ್ರಾಯದ ಪತ್ರ ಬೇಕಾಗಿದೆ. ಬರೆದು ಡಬ್ಬದಲ್ಲಿ ಹಾಕಿ.' ಕೆಳಗೆ ಒಂದು ಖಾಲಿ ಪೌಡರ್ ಡಬ್ಬ. ಯಾರ ಬಗ್ಗೆ ಅಭಿಪ್ರಾಯ ಎಂದು ಬರೆದಿರಲಿಲ್ಲ. ಅವನ ಮನಸ್ಸಿನಲ್ಲಿ ಇದ್ದದ್ದು ನಾನೊಬ್ಬಳೇ ಆದ್ದರಿಂದ ಬರೆಯಬೇಕು ಎಂದು ತೋಚಲೇ ಇಲ್ಲವಂತೆ. ಗಿರಾಕಿಗಳು ಅಪ್ಪನನ್ನು ಕೇಳಿ ಪ್ರಯೋಜನವಿಲ್ಲವೆಂದು ತಾವೇ ಕೂತು ಚರ್ಚಿಸಿದರು. ಮೌನವ್ರತನಿಗೆ ಕಾಲೇಜು ಹಾಸ್ಟೆಲಿನ ಹುಡುಗರ ಕಟಿಂಗ್ ಕೆಲಸ ಬೇಕಾಗಿದೆ ಎಂದು ತೀರ್ಮಾನಿಸಿದರು. ಪಾಪ, ಒಳ್ಳೆಯ ಜನ. ಹತ್ತು ದಿನದಲ್ಲಿ ಹನ್ನೊಂದು ಪತ್ರ ಬರೆದು ಹಾಕಿದರು.

ಅರ್ಜಿ ಕೊಡಲು ಸೋಮವಾರ ಕೊನೆ. ಗುರುವಾರ ಸಂಜೆ ನಾನು ಡಬ್ಬ ತೆರೆದೆ.

ಔಷಧಿ ಅಂಗಡಿಯವರು ಬರೆದಿದ್ದರು: 'ಹದಿನಾಲ್ಕು ವರ್ಷದಲ್ಲಿ ಇವರ ಕೈಯಿಂದ ಒಬ್ಬರಿಗೂ ಗಾಯವಾಗಿಲ್ಲ. ಇವರ ದೆಸೆಯಿಂದ ನಮ್ಮಲ್ಲಿ ಹತ್ತಿ, ಟಿಂಚರು ಖರ್ಚಾಗುವುದಿಲ್ಲ.' ಬಸ್ ಡ್ರೈವರ್ ಬರೆದಿದ್ದರು: 'ಕೈ ಬಹಳ ಹಗುರ. ಗೊರಕೆ ಹೊಡೆದರೂ ಎಬ್ಬಿಸುವುದಿಲ್ಲ. ತಮ್ಮ ಕಾಲೇಜಿಗೆ ಇವರನ್ನು ಸೇರಿಸಿಕೊಂಡರೆ ವಿದ್ಯಾರ್ಥಿಗಳ ಕಿವಿಗೆ ನಾನು ಜವಾಬ್ದಾರಿ.' ಹನ್ನೊಂದರಲ್ಲಿ ನನ್ನ ಸುದ್ದಿ ಇದ್ದದ್ದು ಟೈಲರ್ ಬರೆದ ಪತ್ರದಲ್ಲಿ ಮಾತ್ರ: 'ಇವರಿಗೆ ಒಬ್ಬ ಮಗಳೂ ಇರುವಂತೆ ಕಾಣುತ್ತದೆ.'

"ಅಪ್ಪಾ, ಬಾಯ್ಬಿಟ್ಟು ಒಂದು ಮಾತು ಕೇಳೋಕಾಗಲ್ವಾ ನಿಂಗೆ?" ಎಂದು ಕೂಗಾಡಿದೆ.

ಅಪ್ಪ ಪತ್ರಗಳನ್ನು ಒಂದೊಂದಾಗಿ ಓದಿದ. ಮುಖ ಸಣ್ಣದಾಯಿತು. ಆದರೂ ಡ್ರೈವರ್ ಪತ್ರ ಓದುವಾಗ ತುಟಿಯ ಅಂಚಿನಲ್ಲಿ ಸ್ವಲ್ಪ ಖುಷಿ ಇಣುಕಿದ್ದನ್ನು ನಾನು ನೋಡಿದೆ. ನನ್ನ ಸಿಟ್ಟು ನೆತ್ತಿಗೇರಿತು.

ನಿಜವಾಗಿ ನನ್ನನ್ನು ಬಲ್ಲವರು ಒಬ್ಬರಿದ್ದರು, ಮೊದಲು ನಮ್ಮ ಅಂಗಡಿಗೇ ಬರುತ್ತಿದ್ದ ನಿವೃತ್ತ ಸರ್ವೇಯರ್. ನಾನು ಏಳು ವರ್ಷದವಳಿದ್ದಾಗಿಂದ ಶಾಲೆ ಬಿಟ್ಟಮೇಲೆ ಅಪ್ಪನ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದೆ. ಮರಳುರಾಶಿಯಿಂದ ಹೆಕ್ಕಿ ತಂದ ಕಲ್ಲುಗಳನ್ನು ಅವರು ಕನ್ನಡಕದ ಹತ್ತಿರ ಹಿಡಿದು ಹೆಸರು ಹೇಳಿಕೊಡುತ್ತಿದ್ದರು. ನನ್ನನ್ನು 'ಮರಿ' ಎನ್ನುತ್ತಿದ್ದರು. ಅವರ ತಲೆಯಲ್ಲಿ ಇದ್ದದ್ದು ಬೆರಳೆಣಿಕೆಯ ಕೂದಲು. ಮೂರು ವರ್ಷದ ಹಿಂದೆ ಒಂದು ದಿನ ಅಪ್ಪ ಅದನ್ನು ಎರಡೇ ನಿಮಿಷದಲ್ಲಿ ಮುಗಿಸಿ "ಆಯ್ತು" ಎಂದುಬಿಟ್ಟ. ಅವರಿಗೆ ಅವಮಾನವಾಯಿತು. ಅಂದಿನಿಂದ ಎದುರಂಗಡಿಗೆ ಹೋಗತೊಡಗಿದರು. ಅಲ್ಲಿ ಅದೇ ಕೂದಲಿಗೆ ನಲವತ್ತು ನಿಮಿಷ ಹಿಡಿಯುತ್ತಿತ್ತು. ಅವರ ಮನೆ ಎಲ್ಲಿ ಎಂದು ಬೀದಿಯಲ್ಲಿ ಯಾರಿಗೂ ತಿಳಿಯದು. ಶನಿವಾರ ಹತ್ತು ಗಂಟೆಗೆ ಎದುರಂಗಡಿಯಲ್ಲಿ ಸಿಗುತ್ತಾರೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತು.

"ನೀನೇ ಹೋಗಿ ಕೇಳು" ಎಂದಳು ಅಮ್ಮ.

"ನಾನ್ಯಾಕೆ ಕೇಳ್ಲಿ? ಅವಮಾನ ಮಾಡಿದ್ದು ಅಪ್ಪ" ಎಂದು ರೂಮಿನ ಬಾಗಿಲು ಹಾಕಿಕೊಂಡೆ.

ಅಪ್ಪನಿಗೂ ಅದು ಸುಲಭವಿರಲಿಲ್ಲ. ಅವನೂ ಎದುರಂಗಡಿಯವನೂ ಒಬ್ಬನೇ ಗುರುವಿನ ಹತ್ತಿರ ಕೆಲಸ ಕಲಿತವರು, ಯಾವುದೋ ಬಾಚಣಿಗೆಯ ವಿಷಯಕ್ಕೆ ಇಪ್ಪತ್ತು ವರ್ಷದ ಹಿಂದೆ ಮಾತು ಬಿಟ್ಟವರು. ಮಾತು ಬಿಡುವುದು ಅಪ್ಪನಿಗೆ ಭಾರೀ ತ್ಯಾಗವೇನಲ್ಲ. ಎದುರಂಗಡಿಯವನು ಮಾತಿನ ಮಲ್ಲ, ಅವನು ಬಹಳ ಕಷ್ಟಪಟ್ಟಿರಬೇಕು. ಜೊತೆಗೆ ನಮ್ಮ ಬೀದಿಯ ಕಸುಬಿನವರಲ್ಲಿ ಒಂದು ಕಟ್ಟಳೆ ಇತ್ತು. ಒಬ್ಬ ಕ್ಷೌರಿಕ ಇನ್ನೊಬ್ಬನ ಅಂಗಡಿಯೊಳಗೆ ಸುಮ್ಮನೆ ಹೋಗಿ ನಿಲ್ಲುವ ಹಾಗಿಲ್ಲ. ನಿಂತರೆ ಗಿರಾಕಿಯನ್ನು ಎಳೆಯಲು ಬಂದ ಎಂದರ್ಥ. ಒಳಗೆ ಕಾಲಿಟ್ಟರೆ ಕುರ್ಚಿಯಲ್ಲಿ ಕೂತು ತಲೆ ಕೊಡಲೇಬೇಕು. ಅಪ್ಪನ ತಲೆಗೆ ಅಲ್ಲಿಯವರೆಗೆ ಅಮ್ಮನದೇ ಕತ್ತರಿ. ನೋಡಿದವರಿಗೆ ಅದು ಹೇಳದೆಯೇ ಗೊತ್ತಾಗುತ್ತಿತ್ತು.

ಶನಿವಾರ ಬೆಳಗ್ಗೆ ಅಮ್ಮ ಏದುಸಿರು ಬಿಡುತ್ತ ಬಂದಳು. "ಓಡು, ನಿಮ್ಮಪ್ಪ ಎದುರಂಗಡಿ ಒಳಗೆ ಹೋದ. ಏನೋ ಆಗಿದೆ ಅವನಿಗೆ."

ನಾನು ತಲುಪುವ ಮೊದಲು ನಡೆದದ್ದನ್ನು ಎದುರಂಗಡಿಯವನೇ ಆಮೇಲೆ ಊರಿಗೆಲ್ಲ ಹೇಳಿದ. ಅಪ್ಪ ಬಂದು ಸರ್ವೇಯರ್ ಪಕ್ಕದ ಕುರ್ಚಿಯಲ್ಲಿ ಕೂತನಂತೆ. "ಏನ್ ಮಾಡ್ಲಿ?" ಎಂದರೆ "ಕಟಿಂಗು" ಎಂದನಂತೆ. ಎದುರಂಗಡಿಯವನು ಬಟ್ಟೆ ಹೊದಿಸಿದ. ಕುತ್ತಿಗೆಯ ಹತ್ತಿರ ಸ್ವಲ್ಪ ಬಿಗಿಯಾಗೇ ಕಟ್ಟಿದೆ ಎಂದು ಅವನೇ ಒಪ್ಪಿಕೊಂಡಿದ್ದಾನೆ. ಕಾಲು ಗಂಟೆ ಅಪ್ಪ ತುಟಿ ಬಿಚ್ಚಲಿಲ್ಲ. ಸರ್ವೇಯರ್ ಕೆಲಸದ ಹುಡುಗನ ಕೈಯಲ್ಲಿ ತಮ್ಮದು ಮುಗಿಸಿಕೊಂಡು ಎದ್ದರು, ಚಪ್ಪಲಿ ಮೆಟ್ಟಿದರು. ಆಗ ಅಪ್ಪನ ಬಾಯಿಂದ ಹೊರಟದ್ದು ಅದೇ ಹಳೆಯ ಮಾತು: "ಕೂತ್ಕೊಳ್ಳಿ."

ಅವರು ಗಾಬರಿಯಿಂದ ಕೂತರು.

"ಅವತ್ತು ಎರಡು ನಿಮಿಷಕ್ಕೆ ಮುಗಿಸಿದ್ದು ತಪ್ಪಾಯ್ತು ಸಾರ್. ಮಗಳಿಗೊಂದು ಪತ್ರ ಬೇಕು."

"ಮರಿಗಾ? ಮೂರು ವರ್ಷದಿಂದ ನೋಡಿಲ್ಲಪ್ಪ ನಾನು. ಅಳತೆ ಮಾಡದೆ ನಾನು ಒಂದು ಗೆರೇನೂ ಎಳೆದವನಲ್ಲ. ಈಗ ಹೇಗಿದಾಳೆ ಹೇಳು. ಬರ್ಕೋತೀನಿ."

ನಾನು ಬಾಗಿಲಿಗೆ ಬಂದಾಗ ಅಪ್ಪನ ತಲೆ ಅರ್ಧ ಮುಗಿದಿತ್ತು. ಎದುರಂಗಡಿಯವನ ಕತ್ತರಿ ಗಾಳಿಯಲ್ಲಿ ನಿಂತಿತ್ತು. ಸರ್ವೇಯರ್ ಮೊಣಕಾಲ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದರು. ಅಪ್ಪ ಮಾತಾಡುತ್ತಿದ್ದ.

"...ಚೀಲದ ತುಂಬ ಕಲ್ಲು ಹೊತ್ಕೊಂಡು ಬಂದಿದ್ಲು ಸಾರ್. ಭುಜ ಕೆಂಪಗಾಗಿತ್ತು. ಒಂದೊಂದಕ್ಕೂ ನಂಬರ್ ಬರ್ದಿದಾಳೆ, ನೂರ ಹದಿನೇಳಿವೆ. ಅವಳು ಶಾಲೆಗೆ ಹೋದ್ಮೇಲೆ ಧೂಳು ಒರೆಸಿ ಅದೇ ಜಾಗದಲ್ಲಿ ಇಡ್ತೀನಿ. ಅವಳಿಗೆ ಗೊತ್ತಿಲ್ಲ."

ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಧೂಳೇ ಕೂರುವುದಿಲ್ಲ ಎಂದುಕೊಂಡಿದ್ದ ದಡ್ಡಿ ನಾನು.

"ದೋಷ?" ಎಂದರು ಸರ್ವೇಯರ್. "ಫಾರಂನಲ್ಲಿ ಕೇಳ್ತಾರಲ್ಲ."

ಅಪ್ಪ ತಲೆಯೆತ್ತಿದ. ಎದುರಿನ ಕನ್ನಡಿಯಲ್ಲಿ ಅವನಿಗೆ ನಾನು ಕಂಡೆ. ಕಂಡಮೇಲೂ ಅವನು ಮಾತು ನಿಲ್ಲಿಸಲಿಲ್ಲ.

"ಯಾರನ್ನೂ ಏನೂ ಕೇಳಲ್ಲ ಸಾರ್. ಅರ್ಥ ಆಗದಿದ್ರೂ ಕೇಳಲ್ಲ, ಕಷ್ಟ ಆದ್ರೂ ಕೇಳಲ್ಲ. ಒಬ್ಬಳೇ ಗುದ್ದಾಡ್ತಾಳೆ. ಅದು ಅವಳ ತಪ್ಪಲ್ಲ, ನನ್ನಿಂದ ಬಂದಿದ್ದು. ಹಾಗೇ ಬರ್ಕೊಳ್ಳಿ, ಅಪ್ಪನಿಂದ ಬಂದಿದ್ದು ಅಂತ."

ನನಗೆ ಅಳು ಬಂತು. ಎದುರಂಗಡಿಯವನಿಗೂ ಬಂತು, ಅವನು ಮಾತ್ರ ಪೌಡರ್ ಕಣ್ಣಿಗೆ ಬಿತ್ತು ಎಂದ. ಆಮೇಲೆ ಮೂಗೆಳೆದುಕೊಂಡು "ಇನ್ನೊಂದು ಕಡೆ ಬಾಕಿ ಇದೆ ಕಣೋ, ತಲೆ ಬಗ್ಸು" ಎಂದು ಅಪ್ಪನ ತಲೆಯನ್ನು ಒತ್ತಿದ. ಕಟಿಂಗ್ ಎಷ್ಟು ಚೆನ್ನಾಗಿ ಬಂತೆಂದರೆ ಅಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಸರ್ವೇಯರ್ ಪತ್ರವನ್ನು ನನಗೆ ತೋರಿಸಲಿಲ್ಲ. "ಮುಚ್ಚಿದ ಲಕೋಟೆ ಅಂದ್ರೆ ಮುಚ್ಚಿದ ಲಕೋಟೆ" ಎಂದು ಅಂಟಿಸಿಯೇ ಕೊಟ್ಟರು.

ಸೀಟು ಸಿಕ್ಕಿತೆಂದು ಕಾಗದ ಬಂದದ್ದು ಸಂದರ್ಶನವಾಗಿ ಮೂರು ವಾರದ ಮೇಲೆ. ಆದರೆ ನನಗೆ ಹೇಳಬೇಕಾಗಿರುವುದು ಆ ಸಂದರ್ಶನದ ಮಾತು.

ಮೇಜಿನ ಆಚೆ ಮೂವರು. ಅಪ್ಪ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಆ ಕೋಣೆಯ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಕಲ್ಲುಗಳ ಬಗ್ಗೆ ಕೇಳಿದ್ದಕ್ಕೆಲ್ಲ ಪಟಪಟನೆ ಹೇಳಿದೆ. ಕೊನೆಗೆ ನಡುವೆ ಕೂತಿದ್ದ ಮೇಡಂ ಪತ್ರ ಬಿಡಿಸಿದರು.

"ನಿಮ್ಮಲ್ಲಿ ಒಂದು ದೋಷ ಇದೆ ಅಂತ ಬರ್ದಿದಾರೆ. ಯಾರನ್ನೂ ಏನೂ ಕೇಳಲ್ವಂತೆ. ನಿಜಾನಾ?"

"ನಿಜ ಮೇಡಂ." ಎದ್ದು ಬಂದುಬಿಡಬಹುದಿತ್ತು. "ಒಂದು ಕೇಳ್ಲಾ?"

"ಕೇಳಿ."

"ಅದರ ಮೊದಲರ್ಧ ನನ್ನ ಕಿವಿಗೆ ಬಿದ್ದಿಲ್ಲ. ಅಪ್ಪ ಮನೇಲಿ ಯಾವತ್ತೂ ಹೇಳಲ್ಲ. ಸ್ವಲ್ಪ ಓದ್ತೀರಾ?"

ಮೇಡಂ ಪಕ್ಕದವರಿಬ್ಬರ ಮುಖ ನೋಡಿದರು. ನಿಯಮದಲ್ಲಿ ಅವಕಾಶವಿಲ್ಲ ಎಂದರು. ಆಮೇಲೆ ಕನ್ನಡಕ ಏರಿಸಿಕೊಂಡು, ಗಟ್ಟಿಯಾಗಿ, ಮೊದಲ ಸಾಲಿನಿಂದ ಓದತೊಡಗಿದರು. ಮೂರನೇ ಸಾಲಿಗೆ ಬರುವಷ್ಟರಲ್ಲಿ ಹೊರಗೆ ಬೆಂಚು ಕಿರ್ರೆಂದಿತು. ಅಪ್ಪ ಎದ್ದು ಮೆಟ್ಟಿಲಿಳಿದು ಓಡುವ ಸದ್ದು ನಮ್ಮೆಲ್ಲರಿಗೂ ಕೇಳಿಸಿತು.